ನಂತೂರಿನಿಂದ ಹಿಂದಕ್ಕೆ

ಬಿಜೈ, ಮಂಗಳೂರು
ಡಿಸೆಂಬರ್ ೯, ೨೦೨೪

ಪ್ರೀತಿಯ ತಮ್ಮ ಚನಿಯಾ,

ಹೇಗಿದ್ದೀ ಮಾರಾಯ? ಬಲಗೈ ಸ್ವಲ್ಪವಾದರೂ ಆಡುತ್ತದಾ? ಗಂಜಿ ಗಂಟಲಲ್ಲಿ ಇಳಿಯುತ್ತದಾ? ಫೋನಿನಲ್ಲಿ ನಿನಗೆ ಮಾತು ತೊದಲುತ್ತದೆ, ನನಗೆ ಎರಡು ಮಾತಿಗೇ ಉಸಿರು ಸಾಲುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಸೊಸೆ ಅನುಷ್ಕಾ ಓದಿ ಹೇಳಲಿ. ಮುಂಬೈಯಲ್ಲೇ ಬೆಳೆದ ನಿನ್ನ ಮಗನ ಕನ್ನಡವನ್ನು ನಂಬುವ ಹಾಗಿಲ್ಲ.

ನಿನ್ನನ್ನು ನೋಡಲು ಮುಂಬೈಗೆ ಹೊರಟವಳು ಅರ್ಧ ದಾರಿಯಿಂದ ಯಾಕೆ ತಿರುಗಿದೆ ಎಂದು ನನ್ನ ಮಗ ಶೈಲೇಶ ನಿನಗೆ ಸರಿಯಾಗಿ ಹೇಳಿರಲಿಕ್ಕಿಲ್ಲ. ಮನೆಯಲ್ಲಿ ನನಗೆ ಆಕ್ಸಿಜನ್ ಕೊಡುವ ದೊಡ್ಡ ಯಂತ್ರ ಗೋಡೆಯ ಪ್ಲಗ್ಗಿನದ್ದು. ಹೊರಗೆ ಹೋಗಲು ಹೆಗಲಿಗೆ ಹಾಕುವ ಸಣ್ಣದೊಂದು ಉಂಟು, ಬ್ಯಾಟರಿಯದ್ದು. ಆ ಬ್ಯಾಟರಿ ಸತ್ತು ವರ್ಷವಾಗಿತ್ತು. ಕಂಪೆನಿ ಆ ಮಾದರಿಯನ್ನೇ ನಿಲ್ಲಿಸಿದೆ. ನೀನು ಲಕ್ವ ಹೊಡೆದು ಬಿದ್ದ ಸುದ್ದಿ ಕೇಳಿ, ಹೋಗಲೇಬೇಕೆಂದು ನಾನು ಹಟ ಹಿಡಿದೆ. ಶೈಲೇಶ ಅದನ್ನು ಕೊಡಿಯಾಲ್‌ಬೈಲಿನ ರೇಮಂಡನ ಅಂಗಡಿಗೆ ಕೊಂಡುಹೋದ. ಹಳೆಯ ಬ್ಯಾಟರಿ ಬಿಚ್ಚಿ ಹೊಸ ಸೆಲ್ ಹಾಕಿಕೊಡುವವನು ಅವನು. ಒಳಗೆ ಉಗುರಿನಷ್ಟು ಚಿಪ್ ಇರುತ್ತದಂತೆ. ಸೆಲ್ ಬದಲಾದದ್ದು ತಿಳಿದರೆ ಬ್ಯಾಟರಿಗೇ ಬೀಗ ಹಾಕಿಬಿಡುತ್ತದಂತೆ. ರೇಮಂಡ್ ಬೇರೆ ತಂತಿಯಿಂದ ಚಿಪ್ಪಿಗೆ ಕರೆಂಟ್ ಕೊಡುತ್ತಲೇ ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿದ. "ಪೂರ್ತಿ ನಂಬ್ಬೇಡಿ ಅಮ್ಮ, ಸಿಲಿಂಡರ್ ಒಂದು ಜೊತೆಯಲ್ಲಿರಲಿ" ಎಂದಿದ್ದ. ನಾನೋ, ಪೂರ್ತಿ ನಂಬಿದೆ. ಅದನ್ನು ಹೆಗಲಿಗೆ ಹಾಕಿಕೊಂಡು ಬಿಜೈ ಮಾರ್ಕೆಟಿಗೆ ನಡೆದು ಹೋಗಿ, ನಿನಗೆಂದು ಒಣ ಸಿಗಡಿ ತಂದು ಚಟ್ನಿ ಮಾಡಿದೆ. ದಾರಿಯಲ್ಲಿ ಸಿಕ್ಕಿದವರಿಗೆಲ್ಲ "ತಮ್ಮನ ಮನೆಗೆ ಹೊರಟಿದ್ದೇನೆ" ಎಂದೆ.

ಶುಕ್ರವಾರ ಸ್ಟೇಷನ್ನಿಗೆ ಹೋಗುವಾಗ ನಂತೂರು ಸರ್ಕಲ್ಲಿನಲ್ಲಿ ಲಾರಿಗಳ ನಡುವೆ ಕಾರು ಸಿಕ್ಕಿಬಿತ್ತು. ಯಂತ್ರ ಒಮ್ಮೆ ಕೂಗಿತು, ಕೆಂಪು ದೀಪ ಹತ್ತಿತು, ನಿಂತೇಹೋಯಿತು. ಶೈಲೇಶ ತಾನೇ ಕಾರಿನಲ್ಲಿ ಇಟ್ಟುಕೊಂಡಿದ್ದ ಸಿಲಿಂಡರಿನ ಕೊಳವೆ ಸಿಕ್ಕಿಸುವಷ್ಟರಲ್ಲಿ ನನಗೆ ಕಣ್ಣು ಕತ್ತಲೆ ಬಂದಿತ್ತು. ಅಷ್ಟು ದೊಡ್ಡ ಗಂಡಸು, ಹಾರ್ನ್ ಒತ್ತಿ ಹಿಡಿದು ಅಳುತ್ತಿದ್ದ. ಆಸ್ಪತ್ರೆಯಲ್ಲಿ ನನಗೆ ಎಚ್ಚರವಾಗುವಾಗ ರೈಲು ಹೋಗಿಯಾಗಿತ್ತು. ಸಂಜೆ ರೇಮಂಡ್ ಬಂದು ಮಂಚದ ಬಳಿ ನಿಂತ. "ಸೆಲ್ಲಲ್ಲಿ ಕರೆಂಟ್ ಉಂಟು ಅಮ್ಮ, ಚಿಪ್ ಬಿಡ್ತಾ ಇಲ್ಲ. ಎಂತ ಮಾಡಿದ್ರೂ ತೆರೀತಾ ಇಲ್ಲ" ಎಂದ. ಕಂಪೆನಿಯವರು ಹೊಸ ಯಂತ್ರ ಕೊಳ್ಳಿ ಎಂದರಂತೆ. ಅವನ ಮುಖ ನೋಡಲಾಗಲಿಲ್ಲ. ಕೈ ಹಿಡಿದು, ನಿನ್ನ ತಪ್ಪಲ್ಲ ಮಗಾ ಎಂದೆ. ಶೈಲೇಶ ಹೊಸದನ್ನೇ ತರಲು ಹೊರಟ. ಆದರೆ ಡಾಕ್ಟರು ಇನ್ನು ಪ್ರಯಾಣದ ಮಾತೇ ಬೇಡ ಎಂದುಬಿಟ್ಟರು.

ಚಟ್ನಿ ಕೊರಿಯರಿನಲ್ಲಿ ಬರುತ್ತದೆ. ಖಾರ ಕಡಿಮೆ ಹಾಕಿದ್ದೇನೆ, ಗಂಜಿಯ ಜೊತೆ ನಾಲಗೆಗೆ ಮುಟ್ಟಿಸಿದರೆ ಸಾಕು. ಚಿಕ್ಕಂದಿನಲ್ಲಿ ನಾನು ಪಾದ ಉಜ್ಜದೆ ನಿನಗೆ ನಿದ್ದೆ ಬರುತ್ತಿರಲಿಲ್ಲ. ಅನುಷ್ಕಾ, ನನ್ನ ಬದಲು ನೀನು ಸ್ವಲ್ಪ ಉಜ್ಜಮ್ಮ.

ನಮ್ಮ ಮನೆಯ ದೈವಗಳು ನಿನ್ನ ತಲೆಯ ಬಳಿಯೇ ನಿಂತಿರಲಿ.

ನಿನ್ನ
ಮುದ್ದಕ್ಕ

ಮತ್ತೊಂದು ಮಾತು. ಮೇಲೆ ಬರೆಯಲು ಕೈ ಬರಲಿಲ್ಲ. ಬಾಗಿಲು ಸದ್ದಾದಾಗಲೆಲ್ಲ ನೀನು "ಅಕ್ಕ ಬಂದಳಾ?" ಎಂದು ತಲೆ ಎತ್ತುತ್ತೀಯಂತೆ. ನಾನು ಬರುವುದಿಲ್ಲ, ಚನಿಯಾ. ನನಗೋಸ್ಕರ ನೋವು ತಿಂದುಕೊಂಡು ಕಾಯಬೇಡ. ಹೋಗಬೇಕೆನಿಸಿದರೆ ಹೋಗು ಮಗಾ, ಅಕ್ಕನಿಗೆ ಕೋಪವಿಲ್ಲ.