ಮುಚ್ಚಳದ ಒಳಗಿನ ಗೀರುಗಳು

ಗಡಿಯಾರ ಶಾಲೆಯ ಹಾಸ್ಟೆಲ್, ಲೆ ಲೋಕ್ಲ್, ಸ್ವಿಟ್ಜರ್ಲೆಂಡ್
ಮಂಗಳವಾರ

ಪ್ರೀತಿಯ ಅಜ್ಜ,

ನೀವು ಕೊಟ್ಟ ಜೇಬುಗಡಿಯಾರ ಸರಿಯಾಗಿ ನಡೆಯುತ್ತಿದೆ. ಬಿಳಿ ಎನಾಮಲ್ ಮುಖಕ್ಕೂ ನೀಲಿ ಉಕ್ಕಿನ ಮುಳ್ಳುಗಳಿಗೂ ಏನೂ ಆಗಿಲ್ಲ. ಆದದ್ದೆಲ್ಲ ಹಿಂಬದಿಯ ಬೆಳ್ಳಿ ಮುಚ್ಚಳಕ್ಕೆ.

ತರಗತಿಗೆ ಒಯ್ಯುವ ಮೊದಲು ಅದನ್ನು ಒಳಗೂ ಹೊರಗೂ ಪಾಲಿಶ್ ಚಕ್ರಕ್ಕೆ ಹಿಡಿದೆ. ಇಂಗ್ಲೆಂಡಿನಲ್ಲಿ ಅಪ್ಪನ ಊರಿನ ಶಾಲಾ ಹಾಸ್ಟೆಲ್‌ನಲ್ಲಿ ಏಳು ವರ್ಷ ಬೂಟು ಉಜ್ಜಿದ ಕೈ ನನ್ನದು. ಅಲ್ಲಿ ಹೊಳೆದರೆ ಸಾಕು, ಶಹಬ್ಬಾಸ್ ಅನ್ನುತ್ತಿದ್ದರು. ಮುಚ್ಚಳದ ಒಳಗಿದ್ದ ಸಣ್ಣ ಗೀರುಗಳನ್ನು ಹಾಳಾದ ಗುರುತು ಅಂದುಕೊಂಡೆ. ಪ್ರತಿ ಸಲ ಬಿಚ್ಚಿ ಶುಚಿ ಮಾಡಿದಾಗಲೂ ನೀವು ಸೂಜಿಮೊನೆಯಿಂದ ಕೊರೆದ ತಾರೀಖು, ಸಹಿ ಅವು ಎಂದು ಗೊತ್ತಾದದ್ದು ನಮ್ಮ ಟೀಚರ್ ಮದಾಮ್ ಜಾಕೊ ಮುಚ್ಚಳ ತೆರೆದು, ಅಳಿಯದೆ ಉಳಿದ ಮಸುಕು ಗೆರೆಗಳನ್ನು ಎಲ್ಲರಿಗೂ ತೋರಿಸಿ ಹೇಳಿದಾಗ.

"ಯಾರಮ್ಮ ಇದನ್ನ ಪಾತ್ರೆ ತಿಕ್ಕಿದ ಹಾಗೆ ತಿಕ್ಕಿದ್ದು?" ಅಂದರು.

"ನಮ್ಮಜ್ಜ" ಅಂದುಬಿಟ್ಟೆ.

"ತನ್ನ ಸಹಿ ತಾನೇ ಅಳಿಸ್ಕೊಂಡ್ರಾ? ಯಾವ ಕೆಟ್ಟ ರಿಪೇರಿ ಮುಚ್ಚಿಡೋಕೋ ಏನೋ!" ಎಂದು ಹಿಂದಿನ ಬೆಂಚಿನ ಲೂಸಿಯಾನ್ ನಕ್ಕ. ಎಲ್ಲರೂ ನಕ್ಕರು. ಅಜ್ಜ, ನಾನೂ ನಕ್ಕೆ.

ಶನಿವಾರ ಮನೆಯವರು ಶಾಲೆಗೆ ಬರುವ ದಿನ. ಮದಾಮ್ ನಿಮ್ಮನ್ನು ಕೇಳಿಯೇ ಕೇಳುತ್ತಾರೆ. ನಿಮ್ಮನ್ನು ನಾನು ಬಲ್ಲೆ, ನನ್ನ ಮುಖ ನೋಡಿದ ಕೂಡಲೇ "ಹೌದು, ನಾನೇ" ಅನ್ನುತ್ತೀರಿ. ದಯವಿಟ್ಟು ಹಾಗೆ ಹೇಳಬೇಡಿ. ಅಷ್ಟರೊಳಗೆ ಎಲ್ಲರ ಮುಂದೆ ನಾನೇ ಹೇಳಬೇಕು ಅಂತಿದ್ದೇನೆ. ಹೇಳಿರದಿದ್ದರೆ, ಈ ಕಾಗದವನ್ನು ಅವರ ಕೈಗೆ ಕೊಡಿ.

ನಿಮ್ಮ ಮೊಮ್ಮಗಳು,
ಹೆಸ್ಟರ್