ಆ ಆರು ಇಂಜೆಕ್ಷನ್

ಮಂಗಳವಾರ, ಮಧ್ಯಾಹ್ನ

ನನ್ನ ಪುಟ್ಟಿಗೆ,

ಫೋನಿನಲ್ಲಾದರೆ ಬಾಯಿ ಕಟ್ಟುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಅಂಗಡಿಯಲ್ಲಿ ಇಸ್ತ್ರಿಪೆಟ್ಟಿಗೆ ಆರಿಸಿ ಬಟ್ಟೆಗಂಟುಗಳ ನಡುವೆ ಕೂತಿದ್ದೇನೆ.

ಬೆಳಿಗ್ಗೆ ಅಳಿಯಂದಿರು ಫೋನ್ ಮಾಡಿದ್ದರು. ಎರಡು ತಿಂಗಳಿಂದ ನೀನು ಕಿಡ್ನಿಯ ಮಾತ್ರೆ ನುಂಗುತ್ತಿಲ್ಲವಂತೆ. "ಪಾದ ಊದಿ ಚಪ್ಪಲಿನೇ ಹಿಡಿಸ್ತಿಲ್ಲ ಅತ್ತೆ. ಮೂತ್ರದಲ್ಲಿ ಮತ್ತೆ ನೊರೆ ಬರ್ತಿದೆ. ಕೇಳಿದ್ರೆ, ಮಾತ್ರೆ ಬಿಟ್ರೇನೇ ಮಗು ಆಗೋದು ಅಂತಾಳೆ" ಎಂದರು. ಕೈಕೆಳಗಿದ್ದ ಅಂಗಿ ಸುಟ್ಟುಹೋಯಿತು.

ಪುಟ್ಟಿ, ಹರಿದು ಹಾಕಬೇಡ, ಪೂರ್ತಿ ಓದು. ನಿನ್ನ ಮುಟ್ಟು ನಿಂತಿದ್ದು ಈ ಮಾತ್ರೆಗಳಿಂದಲ್ಲ. ನಿನಗೆ ಹದಿನೇಳಾಗಿದ್ದಾಗ, ನಿನ್ನ ಮೈಯೇ ನಿನ್ನ ಕಿಡ್ನಿಯನ್ನು ತಿನ್ನುತ್ತಿದ್ದಾಗ, ತಿಂಗಳಿಗೊಂದರಂತೆ ಆರು ಇಂಜೆಕ್ಷನ್ ಕೊಟ್ಟರಲ್ಲ, ಅವುಗಳಿಂದ. ಡಾಕ್ಟರಮ್ಮ ನನ್ನೊಬ್ಬಳನ್ನೇ ಒಳಗೆ ಕರೆದು ಬಿಡಿಸಿ ಹೇಳಿದ್ದರು: "ಕಿಡ್ನಿ ಉಳೀಬಹುದು. ಆದ್ರೆ ಮುಂದೆ ಮಕ್ಕಳಾಗದೇ ಹೋಗಬಹುದು." ಹೊರಗೆ ಬೆಂಚಿನ ಮೇಲೆ ಕೂತಿದ್ದ ನೀನು "ಏನಂದ್ರಮ್ಮ?" ಎಂದು ಕೇಳಿದೆ. "ಏನಿಲ್ಲ, ಶಕ್ತಿಗೆ ಇಂಜೆಕ್ಷನ್ ಅಂತೆ" ಎಂದುಬಿಟ್ಟೆ ನಾನು.

ಇದೇ ಕಾಯಿಲೆಯಿದ್ದ ಪಕ್ಕದ ಹಾಸಿಗೆಯ ಹುಡುಗಿಯ ಮನೆಯವರು ಇಂಜೆಕ್ಷನ್ ಬಗ್ಗೆ ಯೋಚನೆ ಮಾಡೋಣ ಎಂದರು. ಮೂರೇ ತಿಂಗಳಲ್ಲಿ ಅವಳು ಡಯಾಲಿಸಿಸ್‌ಗೆ ಬಂದಳು. ಅವಳನ್ನು ನೋಡಿ, ನಾನು ಮಾಡಿದ್ದೇ ಸರಿ ಎಂದು ಎದೆ ಗಟ್ಟಿ ಮಾಡಿಕೊಂಡೆ. ಹದಿನಾಲ್ಕು ವರ್ಷ ನಿನ್ನ ಕಿಡ್ನಿ ಕೈಕೊಡಲಿಲ್ಲ. ಆ ಮಾತ್ರೆಗಳಿಂದ ಸೊಂಟದ ಮೂಳೆ ಸವೆಯಿತು, ಕಣ್ಣಿಗೆ ಪೊರೆ ಬಂತು. "ನಿನಗಿಂತ ಮೊದ್ಲು ನಾನೇ ಅಜ್ಜಿ ಆದೆ ಕಣಮ್ಮ" ಎಂದು ನೀನು ನಕ್ಕಾಗ ನಾನು ಅಡುಗೆಮನೆಗೆ ಎದ್ದುಹೋದೆ. ಮದುವೆಗೆ ಮುಂಚೆ ಹೇಳಬೇಕಿತ್ತು.

ಹೋದ ವರ್ಷ ನಿನ್ನ ರಕ್ತದ ರಿಪೋರ್ಟ್ ಹಿಡಿದು ಗುಟ್ಟಾಗಿ ಅದೇ ಡಾಕ್ಟರಮ್ಮನ ಹತ್ತಿರ ಹೋಗಿದ್ದೆ. ಅಂಡಾಶಯ ಬತ್ತಿಹೋಗಿದೆ, ಇನ್ನು ಆಸೆ ಇಟ್ಟುಕೊಳ್ಳಬೇಡಿ ಎಂದರು. ಮಾತ್ರೆ ಬಿಟ್ಟರೆ ಮಗು ಬರುವುದಿಲ್ಲ ಕಂದ, ನೀನು ಹೋಗಿಬಿಡುತ್ತೀಯ.

ಸಂಜೆ ಅಳಿಯಂದಿರು ಬರುತ್ತಾರೆ, ಕಾಗದ ಅವರ ಕೈಗೇ ಕೊಡುತ್ತೇನೆ. ನಾಳೆ ಬೆಳಿಗ್ಗೆಯೇ ಅವರ ಜೊತೆ ಆಸ್ಪತ್ರೆಗೆ ಹೋಗು. ನನ್ನ ಮುಖ ನೋಡಬೇಡ, ನಾನು ಬಂದರೆ ಬಾಗಿಲು ತೆಗೆಯಬೇಡ, ಜನ್ಮವಿಡೀ ಬೈಯುತ್ತಿರು. ಬೈಯುವುದಕ್ಕಾದರೂ ನೀನಿರಬೇಕು. ನಿನ್ನ ಕಾಲು ಹಿಡಿಯುತ್ತೇನೆ, ಹೋಗು.

ನಿನ್ನ
ಅಮ್ಮ

ಮ.ವಿ.: ಜೊತೆಗಿಟ್ಟ ಇಂಜೆಕ್ಷನ್ನಿನ ಒಪ್ಪಿಗೆ ಹಾಳೆಯನ್ನು ನಿನ್ನ ಹಳೆಯ ಫೈಲಿನಿಂದ ಕಿತ್ತವಳು ನಾನೇ. ಹುಡುಗಿಗೂ ಎಲ್ಲ ತಿಳಿಸಿ ಅವಳ ಸಹಿ ಹಾಕಿಸಿಕೊಂಡು ಬನ್ನಿ ಎಂದಿದ್ದರು ಡಾಕ್ಟರಮ್ಮ. ಕೆಳಗೆ ಇರುವುದು ನಿನ್ನ ಹೆಸರು. ಅಕ್ಷರ ನನ್ನದು.