ಬಾಲದ ಗಾಲಿಯ ವಿಮಾನ

ಜೊತೆಗಾರ ರುದ್ರೇಶ,

ನೀನು ಹೋಗಿ ಮೂರು ತಿಂಗಳಾಯಿತು. ಕಾಮಾಲೆ ನಿನ್ನಂಥ ಗಟ್ಟಿ ಆಳನ್ನು ಹದಿನೈದೇ ದಿನದಲ್ಲಿ ಒಯ್ದುಬಿಡುತ್ತದೆ ಎಂದು ಯಾರು ಅಂದುಕೊಂಡಿದ್ದರು? ನಿನ್ನ ಕಾರ್ಯದ ದಿನ ಬೆಂಗಳೂರಿನಿಂದ ನಿನ್ನ ಶಿಷ್ಯರು ಒಂದು ವ್ಯಾನ್ ತುಂಬ ಬಂದಿದ್ದರು. ಮೇಷ್ಟ್ರು ವಿಮಾನ ಹೀಗೆ ಹಾರಿಸುತ್ತಿದ್ದರು, ಹಾಗೆ ಇಳಿಸುತ್ತಿದ್ದರು ಎಂದು ಒಬ್ಬೊಬ್ಬರೂ ಹೇಳುವುದೇ ಹೇಳುವುದು. ನಾನು ಶಾಮಿಯಾನದ ಕೊನೆಯಲ್ಲಿ ಕೂತು ಕೇಳುತ್ತಿದ್ದೆ. ಅಳು ಬರಬೇಕಾದ ಹೊತ್ತಿನಲ್ಲಿ ನನಗೆ ಬಂದದ್ದು ಹೊಟ್ಟೆಕಿಚ್ಚು. ಸತ್ತವನ ಮೇಲೂ ಹೊಟ್ಟೆಕಿಚ್ಚು ಪಡುವವನು ಇರುತ್ತಾನೆಯೇ? ಇದ್ದಾನೆ. ಅವನೇ ನಿನಗೆ ಈ ಕಾಗದ ಬರೆಯುತ್ತಿದ್ದಾನೆ.

ನಮ್ಮ ಬಿ.ಎಸ್ಸಿ. ಮುಗಿದ ವರ್ಷ ನೆನಪಿದೆಯಾ? ವಿಮಾನದ ಹುಚ್ಚು ಇದ್ದದ್ದು ನನಗೆ, ನಿನಗಲ್ಲ. ತುಮಕೂರಿನಲ್ಲಿ ನಮ್ಮ ಅಬ್ಬಾ ಗಡಿಯಾರ ರಿಪೇರಿ ಮಾಡುತ್ತಿದ್ದ ಅಂಗಡಿಯಲ್ಲಿ ಕೂತು ನಾನು ಲೈಬ್ರರಿಯ ವಿಮಾನದ ಪುಸ್ತಕ ಓದುತ್ತಿದ್ದರೆ, ನೀನು ಪಕ್ಕದಲ್ಲಿ ಕಡ್ಲೆಕಾಯಿ ಬಿಡಿಸುತ್ತಿದ್ದೆ. ಸರ್ಕಾರದ ಖರ್ಚಿನಲ್ಲಿ ಹಾರಾಟ ಕಲಿಸುತ್ತಾರೆ ಎಂಬ ಜಾಹೀರಾತು ಪೇಪರಿನಲ್ಲಿ ಕಂಡವನು ನಾನು. ಅರ್ಜಿ ತರಿಸಿದವನು ನಾನು. "ಒಬ್ನೇ ಹೋಗಕ್ಕೆ ಬೇಜಾರು ಕಣೋ, ನೀನೂ ಒಂದ್ ಅರ್ಜಿ ಹಾಕು" ಎಂದು ನಿನ್ನ ಕೈಗೆ ಪೆನ್ನು ಕೊಟ್ಟವನೂ ನಾನೇ. ನೀನು ಬರೀ ನನಗೆ ಜೊತೆಯಾಗಲೆಂದು ಬಂದವನು.

ಹಾರಾಟಕ್ಕೆ ಸೇರಿಸಿಕೊಳ್ಳುವ ಮುಂಚಿನ ಕಣ್ಣಿನ ಪರೀಕ್ಷೆಯಲ್ಲಿ ಡಾಕ್ಟರು ನಮ್ಮ ಮುಂದೆ ಆ ದಪ್ಪ ಪುಸ್ತಕ ಬಿಚ್ಚಿದ್ದನ್ನು ನಾನು ಎಷ್ಟು ಸಲ ಕನಸಿನಲ್ಲಿ ಕಂಡಿದ್ದೇನೋ. ಪುಟದ ತುಂಬ ಬಣ್ಣದ ಚುಕ್ಕಿಗಳು. "ಯಾವ ನಂಬರ್ ಕಾಣುತ್ತೆ ಹೇಳಿ" ಅಂದರು. ನನಗೆ ಚುಕ್ಕಿಗಳೇ ಕಂಡವು. ಪುಟ ತಿರುವಿದರು, ಅಲ್ಲೂ ಚುಕ್ಕಿಗಳೇ. ಕೆಂಪು ಯಾವುದು ಹಸಿರು ಯಾವುದು ಎಂದು ನನ್ನ ಕಣ್ಣಿಗೆ ಸರಿಯಾಗಿ ಗೊತ್ತಾಗುವುದಿಲ್ಲ ಎಂಬುದು ನನಗೇ ಗೊತ್ತಾದದ್ದು ಅವತ್ತು. ನನ್ನನ್ನು ಅಲ್ಲೇ ಕೈಬಿಟ್ಟರು. ನನ್ನ ಹಿಂದೆ ನಿಂತಿದ್ದ ನೀನು ಮಗ್ಗಿ ಒಪ್ಪಿಸುವವನ ಹಾಗೆ ನಂಬರುಗಳನ್ನೆಲ್ಲ ಹೇಳಿದೆ. ಬಸ್ಸಿನಲ್ಲಿ ವಾಪಸ್ ಬರುವಾಗ "ನಾನೂ ಹೋಗಲ್ಲ ಬುಡ್ಲಾ" ಎಂದೆ ನೀನು. "ಹುಚ್ಚನಂಗೆ ಆಡ್ಬೇಡ, ಹೋಗು" ಎಂದೆ ನಾನು. ಬಾಯಿ ಹಾಗೆ ಹೇಳಿತು. ಒಳಗೆ ಮಾತ್ರ, ಇವನು ಹೋಗದಿದ್ದರೆ ಸಾಕು ಎಂದುಕೊಳ್ಳುತ್ತಿದ್ದೆ.

ಬೆಂಗಳೂರಿನ ಹಾರಾಟದ ಸ್ಕೂಲಿಗೆ ಸೇರಿದ ಹೊಸದರಲ್ಲಿ, ಕುಣಿಗಲ್ಲಿನ ರೇಡಿಯೋ ಅಂಗಡಿಗೆ ನೀನು ನನ್ನನ್ನು ಹುಡುಕಿಕೊಂಡು ಬಂದ ಮಧ್ಯಾಹ್ನ ಇನ್ನೂ ಕಣ್ಣಿಗೆ ಕಟ್ಟಿದೆ. ಆಗ ನಾನು ಅಲ್ಲಿ ಕೆಲಸಕ್ಕೆ ಸೇರಿದ್ದೆ. ಬಿಡಿಭಾಗಗಳ ಮೇಲಿನ ಬಣ್ಣದ ಗೆರೆ ತಿಳಿಯದೆ ಒಂದೊಂದನ್ನೂ ಮೀಟರಿನಲ್ಲಿ ಅಳೆದು ಜೋಡಿಸುತ್ತಿದ್ದೆ. ನೀನು ಬೆಂಚಿನ ಮೇಲೆ ಕೂತು, "ಬಷೀರ, ಸ್ಕೂಲಲ್ಲಿ ಎರಡು ಥರ ವಿಮಾನ ಅವೆ ಕಣೋ. ಒಂದು ಹೊಸದು, ಮೂತಿ ಕೆಳಗೆ ಗಾಲಿ. ಇನ್ನೊಂದು ಹಳೇದು, ರೆಕ್ಕೆಗೆ ಬಟ್ಟೆ ಹೊದ್ಸವ್ರೆ, ಬಾಲದಲ್ಲಿ ಚಿಕ್ ಗಾಲಿ. ಯಾವುದ್ರಲ್ಲಿ ಕಲೀತೀಯ ಅಂತ ಕೇಳ್ತಾವ್ರೆ. ನಂಗೇನ್ ಗೊತ್ತು? ನೀನೇ ಹೇಳು" ಎಂದೆ.

ನನಗೆ ಎಲ್ಲ ಗೊತ್ತಿತ್ತು. ಹೊಸದು ಇಳಿಯುವಾಗ ನೆಟ್ಟಗೆ ಓಡುತ್ತದೆ, ಕಲಿಯುವವನ ತಪ್ಪನ್ನು ಮನ್ನಿಸುತ್ತದೆ. ಬಾಲದ ಗಾಲಿಯದ್ದು ನೆಲ ಮುಟ್ಟಿದ ಕೂಡಲೇ ಹಿಂಭಾಗ ತಿರುಗಿ ಮುಂದೆ ಬರಲು ನೋಡುತ್ತದೆ. ಅದನ್ನು ನೆಟ್ಟಗಿಡಲು ಎರಡೂ ಪೆಡಲಿನ ಮೇಲೆ ಕಾಲು ಹಗುರವಾಗಿ ಆಡುತ್ತಲೇ ಇರಬೇಕು. ನಿನ್ನ ಕಾಲೋ, ಟ್ರಾಕ್ಟರಿನ ಬ್ರೇಕು ತುಳಿದು ಪಳಗಿದ ಕಾಲು. "ಹಳೇದೇ ತಗೋ. ಅದರಲ್ಲಿ ಕಲ್ತೋನು ಯಾವ ವಿಮಾನ ಬೇಕಾದ್ರೂ ಓಡಿಸ್ತಾನೆ" ಎಂದೆ. ಆ ಮಾತು ಸುಳ್ಳಲ್ಲ, ಪುಸ್ತಕದಲ್ಲೇ ಓದಿದ್ದೆ. ಆದರೆ ನಾನು ಹೇಳಿದ್ದು ಅದಕ್ಕಲ್ಲ, ರುದ್ರೇಶ. ನಿನ್ನಿಂದ ಆಗಬಾರದು ಎಂದು ಹೇಳಿದೆ. ನೀನು ಸೋತು ನನ್ನ ಪಕ್ಕ ಮತ್ತೆ ಕಡ್ಲೆಕಾಯಿ ಬಿಡಿಸುತ್ತ ಕೂರಬೇಕು ಎಂದು ಹೇಳಿದೆ. ನೀನು ನನ್ನ ಬೆನ್ನು ತಟ್ಟಿ, ಟೀ ಕುಡಿಸಿ, ಬಸ್ಸು ಹತ್ತಿದೆ.

ಎರಡು ತಿಂಗಳಿಗೆ ನಿನ್ನ ಅವ್ವ ಗುಬ್ಬಿಗೆ ಬಂದು, ಅಲ್ಲಿ ಬಸ್ಸು ಬದಲಿಸಿ, ಸಿ.ಎಸ್. ಪುರದ ಮೇಲೆ ಕುಣಿಗಲ್ಲಿಗೆ ಬಂದರು. ನೀನು ವಿಮಾನ ಇಳಿಸುವಾಗ ಅದು ಗಿರಕಿ ಹೊಡೆದು, ಒಂದು ರೆಕ್ಕೆಯ ತುದಿ ನೆಲಕ್ಕೆ ಉಜ್ಜಿ ಮುರಿಯಿತಂತೆ. ನಿನಗೆ ಏಟಾಗಿರಲಿಲ್ಲ. ಆದರೆ ಅವತ್ತೇ ನೀನು ಪೆಟ್ಟಿಗೆ ಕಟ್ಟಿಕೊಂಡು ನಿಮ್ಮೂರು ಹಾಗಲವಾಡಿಗೆ ಬಂದುಬಿಟ್ಟಿದ್ದೆ. "ಯಾರ್ ಹೇಳಿದ್ರೂ ಕೇಳ್ತಿಲ್ಲ ಕಣಪ್ಪ. ನಿನ್ ಮಾತಾದ್ರೆ ಕೇಳ್ತಾನೆ, ಒಂದ್ಸಲ ಬಾ" ಎಂದರು ಅವ್ವ. ನಾನು ಬಯಸಿದ್ದೇ ಆಗಿತ್ತು. ದಾರಿಯುದ್ದಕ್ಕೂ ಬಸ್ಸಿನಲ್ಲಿ ಅವ್ವನ ಪಕ್ಕ ಕೂತು, ಹೋಗಲಿ ಬಿಡು, ನಿನ್ನ ಹಣೆಯಲ್ಲಿ ಬರೆದಿಲ್ಲ ಎಂಬ ಮಾತನ್ನೇ ಬಾಯಲ್ಲಿ ಹೊಂದಿಸಿಕೊಳ್ಳುತ್ತಿದ್ದೆ.

ನಿಮ್ಮ ಜಗಲಿಯ ಮೇಲೆ ನೀನು, "ನಂಗೆ ಅದೆಲ್ಲ ಬೇಡ ಬುಡು ಬಷೀರ, ನಂಗೇನ್ ಅಷ್ಟೊಂದು ಆಸೆನೂ ಇರ್ಲಿಲ್ಲ" ಎಂದೆಯಲ್ಲ, ಆಗ ನನಗೆ ಮೈಯೆಲ್ಲ ಉರಿದುಹೋಯಿತು. ನನಗೆ ಸಿಗದೇ ಹೋದದ್ದನ್ನು ನೀನು ಹಳೇ ಚಪ್ಪಲಿ ಬಿಟ್ಟ ಹಾಗೆ ಬಿಟ್ಟುಬರುವುದೆಂದರೇನು? ನೀನು ಗೆಲ್ಲುವುದೂ ನನಗೆ ಬೇಕಿರಲಿಲ್ಲ, ಬಿಡುವುದನ್ನೂ ನೋಡಲಾಗಲಿಲ್ಲ. "ಎದ್ದೇಳು" ಎಂದೆ. ಪೆಡಲಿನ ಬದಲಿಗೆ ಒಂದು ಹಲಗೆಯ ನಡುವೆ ಅಡಿಗೆ ಕೋಲು ಇಟ್ಟು, ಸ್ಟೂಲಿನ ಮೇಲೆ ನಿನ್ನನ್ನು ಕೂರಿಸಿ, ಹಲಗೆಯ ಎರಡು ತುದಿಗೂ ನಿನ್ನ ಕಾಲಿಡಿಸಿದೆ. "ಕಾಲ್ ನೋಡ್ಬೇಡ, ದೂರ ಕೆರೆ ಏರಿ ನೋಡು. ತುಳೀಬೇಡ, ಬರೀ ಮುಟ್ಟು." ನಾನು ಹಲಗೆಯನ್ನು ಆ ಕಡೆ ಈ ಕಡೆ ತಳ್ಳುವುದು, ನೀನು ಪಾದದಲ್ಲೇ ಸರಿಮಾಡುವುದು. ಮೂರು ದಿನ ಇದೇ ಕೆಲಸ. ಮೂರನೇ ದಿನ ಸಂಜೆ ಹಲಗೆ ನಿನ್ನ ಕಾಲಡಿಯಲ್ಲಿ ಅಲುಗಾಡದೆ ನಿಂತಿತು. ಮರುದಿನ ನೀನು ಬೆಂಗಳೂರಿಗೆ ಹೋದೆ.

ಮೊದಲ ಸಲ ಒಬ್ಬನೇ ಹಾರಿ ಇಳಿದ ವಾರ ನೀನು ಅಂಗಡಿಗೆ ಬಂದು, "ನಿನ್ ಮಾತು ಕೇಳಿ ಹಳೇದ್ರಲ್ಲಿ ಕಲ್ತಿದ್ದಕ್ಕೇ ಆಗಿದ್ದು. ಇನ್ಮೇಲೆ ನನ್ ಪಕ್ಕದ ಸೀಟು ಮೊದ್ಲು ನಿಂದೇ" ಎಂದೆ. ನಾನು ಹೂಂ ಅಂದೆ. ನೀನು ಅದೇ ಸ್ಕೂಲಿನಲ್ಲಿ ಕಲಿಸುವ ಮೇಷ್ಟ್ರಾದೆ. ಬಾ ಬಾ ಎಂದು ಕರೆದಾಗಲೆಲ್ಲ ನನಗೊಂದು ನೆಪ. ಅಂಗಡಿಯಲ್ಲಿ ಕೆಲಸ, ತಲೆ ಸುತ್ತು, ಹಬ್ಬ. ನೀನು ಓಡಿಸುವ ವಿಮಾನದಲ್ಲಿ ಕೈಕಟ್ಟಿ ಕೂರುವುದು ಹೇಗೆ? ನಾನು ರೇಡಿಯೋ ಬಿಟ್ಟು ಟಿ.ವಿ. ರಿಪೇರಿ ಕಲಿತೆ, ನಿನಗೆ ಮದುವೆಯಾಯಿತು, ನೀನು ಕರೆಯುವುದು ಮಾತ್ರ ನಿಲ್ಲಲಿಲ್ಲ.

ಕಳೆದ ಶುಕ್ರವಾರ ತುಮಕೂರಿನ ಸದಾಶಿವನಗರದ ನಿನ್ನ ಮನೆಗೆ ಹೋಗಿ ನಿನ್ನ ಹೆಂಡತಿ ಗಿರಿಜಮ್ಮನ ಮುಂದೆ ಎಲ್ಲ ಹೇಳಿಬಿಟ್ಟೆ. ಯಾಕೆ ಹಳೆಯ ವಿಮಾನ ಹೇಳಿದೆ, ಏನು ಬಯಸಿದ್ದೆ, ಎಲ್ಲ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಕೇಳಿಸಿಕೊಂಡು, "ಅದು ಹೋಗ್ಲಿ ಬಷೀರಣ್ಣ, ಕರೆದಾಗ ನೀವ್ ಯಾಕೆ ಬರ್ಲಿಲ್ಲ?" ಎಂದು ಕೇಳಿದರು.

"ಅದೂ ಹೊಟ್ಟೆಕಿಚ್ಚಿಗೇ" ಎಂದೆ.

"ನನ್ನೂ ಒಂದ್ಸಲ ಕೂರಿಸ್ಕೊಂಡು ಹೋಗ್ರಿ ಅಂತ ಎಷ್ಟ್ ಸಲ ಕೇಳಿದೀನಿ ಗೊತ್ತಾ? ಮೊದ್ಲು ಬಷೀರ ಕೂತ್ಕೊಳ್ಳಿ, ಮಾತು ಕೊಟ್ಟಿದೀನಿ, ಆಮೇಲೆ ನೀನು ಅನ್ನೋರು. ಮದ್ವೆ ಆದಾಗಿಂದ ಮೂರು ವರ್ಷ ಕಾಯ್ದೆ ನಾನು." ಅವರ ದನಿ ಏರಲಿಲ್ಲ. ಏರಿದ್ದರೆ ತಡೆದುಕೊಳ್ಳಬಹುದಿತ್ತು. ನನ್ನ ಒಳಗಿನ ಬೆಂಕಿ ನನ್ನನ್ನು ಮಾತ್ರ ಸುಡುತ್ತಿದೆ ಎಂದುಕೊಂಡಿದ್ದೆನಲ್ಲ, ರುದ್ರೇಶ...

ನಿನಗೆ ತಿಳಿಯದ ಸುದ್ದಿ ಇದು. ಮರುದಿನವೇ ಬೆಂಗಳೂರಿಗೆ ಹೋಗಿ, ಈಗ ನಿನ್ನ ಜಾಗದಲ್ಲಿ ಕಲಿಸುತ್ತಿರುವ ನಿನ್ನ ಶಿಷ್ಯನನ್ನು ಕಂಡೆ. ಬರುವ ಭಾನುವಾರ ಬೆಳಿಗ್ಗೆ ಗಿರಿಜಮ್ಮನನ್ನೂ ನನ್ನನ್ನೂ ವಿಮಾನದಲ್ಲಿ ಕೂರಿಸಿಕೊಂಡು ಹೋಗಲು ಒಪ್ಪಿದ್ದಾನೆ. ಅವನ ಪಕ್ಕ ಇರುವುದು ಒಂದೇ ಸೀಟು. "ಮೊದ್ಲು ಯಾರು ಸಾರ್?" ಎಂದ. ಗಿರಿಜಮ್ಮ ಎಂದೆ. ಅವರು ಇಳಿದ ಮೇಲೆ ನಾನು ಹತ್ತುತ್ತೇನೆ. ಹೊಟ್ಟೆಕಿಚ್ಚು ಹೋಗಿಬಿಟ್ಟಿದೆ ಎಂದು ನಿನಗೆ ಸುಳ್ಳು ಹೇಳಲಾರೆ. ಅವರು ಮೇಲೆ ಹೋದಾಗ ನಾನು ಕೆಳಗೆ ನಿಂತಿರಬೇಕಲ್ಲ, ಆಗಲೂ ಒಂದಿಷ್ಟು ಉರಿಯುತ್ತದೆ, ನನಗೆ ಗೊತ್ತು. ಉರಿಯಲಿ. ಅವರು ಇಳಿಯುವವರೆಗೂ ತಲೆಯೆತ್ತಿ ನೋಡುತ್ತ ಅಲ್ಲೇ ನಿಂತಿರುತ್ತೇನೆ.

ನಿನ್ನ
ಬಷೀರ